ಸನ್‌ಸ್ಕ್ರೀನ್ ಕಂಪನಿಗಳ ಮಾಲೀಕರಿಗೆ ಜತ್ತದಿಂದ ಒಂದು ಬಹಿರಂಗ ಪತ್ರ



ನಿಮ್ಮ ಜಾಹೀರಾತಿನ ಬಿಸಿಲು ಮೈಬಣ್ಣ ಕೆಡಿಸುತ್ತದೆ, ಅಷ್ಟೇ. ಆದರೆ ಬಿಸಿಲಿಗೆ ಬಿದ್ದರೆ ಜೀವಕ್ಕೇ ಕುತ್ತು ಬರುವ ಮಕ್ಕಳೂ ಇದ್ದಾರೆ. ಅವರ ಪರವಾಗಿ ಬರೆಯುತ್ತಿದ್ದೇನೆ.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳದ ಕಡೆ ಕುರಿ ಕಾಯುವವರು, ದಾಳಿಂಬೆ ತೋಟದ ಕೂಲಿಗಳು ಬಿಸಿಲಲ್ಲೇ ಮುದುಕರಾಗುತ್ತಾರೆ. ಆದರೂ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ತೀರಾ ಕಡಿಮೆ. ಕಾಯುತ್ತಿರುವುದು ಮೆಲನಿನ್, ನೀವು ಹೋಗಲಾಡಿಸುತ್ತೇವೆಂದು ಮಾತು ಕೊಡುವ ಅದೇ ಕಪ್ಪು.

ಅದನ್ನೂ ದಾಟಿ ಒಳಹೊಕ್ಕ ಅತಿನೇರಳೆ ಕಿರಣ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್, ಸೈಟೋಸಿನ್ ಎಂಬ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಎಲ್ಲರ ಮೈಯಲ್ಲೂ ಇದು ನಡೆಯುವಂಥದ್ದೇ. ಕಿಣ್ವಗಳು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುತ್ತವೆ. ಈ ರಿಪೇರಿ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಅಜೀಜ್ ಸನ್‌ಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ರಿಪೇರಿ ತಪ್ಪಿದರೆ ಸೈಟೋಸಿನ್ ಜಾಗದಲ್ಲಿ ಥೈಮಿನ್ ಬಂದು ಕೂರುತ್ತದೆ. ಜೀವಕೋಶ ಹದ್ದುಮೀರಿ ಬೆಳೆಯದಂತೆ ತಡೆಯುವ ಪಿ53 ಎಂಬ ಜೀನಿನಲ್ಲಿ, ಚರ್ಮದ ಗಡ್ಡೆಗಳೊಳಗೆ, ಬಿಸಿಲಿನ ಈ ಗುರುತು 1991ರಲ್ಲೇ ಸಿಕ್ಕಿತ್ತು.

ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆ ಇರುವ ಮಕ್ಕಳಿಗೆ ಈ ರಿಪೇರಿಯ ಶಕ್ತಿಯೇ ಹುಟ್ಟಿನಿಂದ ಇರುವುದಿಲ್ಲ. ತಂದೆ ತಾಯಿ ಇಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಕಾಯಿಲೆ ಅಪರೂಪದ್ದು, ನಿಜ. ಆದರೆ ಒಂದೇ ದೋಷ ರಕ್ತಸಂಬಂಧಿಗಳಲ್ಲಿ ಕೂಡುವುದು ಹೆಚ್ಚು; ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಗಡಿಸೀಮೆಗೆ ಇದು ದೂರದ ಮಾತಲ್ಲ. ಅಂಥ ಕೂಸಿನ ಅಂಗಿ ಬಿಚ್ಚಿದರೆ ಬೆನ್ನು ನುಣ್ಣಗಿರುತ್ತದೆ. ಮುಖ, ಮುಂಗೈ ಮಾತ್ರ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ಬೆಳಕಿಗೆ ಕಣ್ಣು ಬಿಡಲಾಗದು. ಹತ್ತು ವರ್ಷ ತುಂಬುವ ಮೊದಲೇ ಕ್ಯಾನ್ಸರ್ ಬರಬಹುದು. ಜನ ದೃಷ್ಟಿ ಎನ್ನುತ್ತಾರೆ, ದೇವರ ಕಾಟ ಎನ್ನುತ್ತಾರೆ. ತಾಯಿ ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊರುತ್ತಾಳೆ. ಹರಕೆ ಹೊರಲಿ, ಆದರೆ ಮಗುವನ್ನು ಹಗಲಲ್ಲಿ ಗುಡಿಗೆ ನಡೆಸಿಕೊಂಡು ಹೋಗದಿರಲಿ. ಮೆಲನಿನ್ ಇಲ್ಲದೆ ಬೆಳ್ಳಗೆ ಹುಟ್ಟುವ ಆಲ್ಬಿನಿಸಮ್ ಮಕ್ಕಳಿಗೂ ಬಿಸಿಲಿನಿಂದ ಇದೇ ಕ್ಯಾನ್ಸರ್ ಭಯ.

ಇವರಿಗೆ ತುಂಬುತೋಳಿನ ಅಂಗಿ, ಅಗಲ ಟೊಪ್ಪಿಗೆ, ಕಪ್ಪು ಕನ್ನಡಕದ ಜೊತೆ ನಿಮ್ಮ ಕ್ರೀಮೂ ಬೇಕು, ಎರಡು ತಾಸಿಗೊಮ್ಮೆ. ಕಾಯಿದೆಯ ಲೆಕ್ಕದಲ್ಲಿ ಅದಿನ್ನೂ ಸೌಂದರ್ಯವರ್ಧಕ. ಬೆಲೆಯೂ ಹಾಗೇ ಇದೆ. ಕೂಲಿಯವರು ಆ ಸಣ್ಣ ಟ್ಯೂಬು ಎಷ್ಟು ದಿನ ಕೊಂಡಾರು? ಪರಿಮಳ ಬೇಡ, ಹೊಳಪಿನ ಡಬ್ಬಿ ಬೇಡ. ದೊಡ್ಡ ಡಬ್ಬಿಯಲ್ಲಿ, ತಯಾರಿಕೆಯ ಖರ್ಚಿಗೆ, ನಮ್ಮ ಸರ್ಕಾರಿ ದವಾಖಾನೆಗಳಿಗೆ ಔಷಧಿಯಾಗಿ ಕೊಡಿ. ಹಚ್ಚುವ ಕ್ರಮವನ್ನು ಕನ್ನಡ, ಮರಾಠಿ ಎರಡರಲ್ಲೂ ಅಚ್ಚು ಹಾಕಿಸಿ.

ಇಂತಿ,
ಜತ್ತ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕಿ