ಧ್ರುವನಿಗಿಂತ ಎತ್ತರದ ತ್ರಿಶಂಕು

ಶಾಲೆಯ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಆಕಾಶದಲ್ಲಿ ಕಾಣಸಿಗುವ ನಕ್ಷತ್ರ ಒಂದೇ ಒಂದು. ಅದನ್ನೂ ಬರಿಗಣ್ಣಿನಲ್ಲಿ ನೋಡಬಾರದು. ಹಾಗಾಗಿ ನಮ್ಮ ಶಾಲೆಗಳು ಖಗೋಳ ವಿಜ್ಞಾನವನ್ನು ಥರ್ಮಾಕೋಲಿನಲ್ಲಿ ಕಲಿಸುತ್ತವೆ. ನಡುವೆ ಹಳದಿ ಬಳಿದ ದೊಡ್ಡ ಚೆಂಡು, ಸುತ್ತ ಎಂಟು ಸಣ್ಣ ಚೆಂಡು, ಅದರಲ್ಲೊಂದಕ್ಕೆ ಉಂಗುರ. 2006ರವರೆಗೆ ಒಂಬತ್ತಿದ್ದವು, ಪ್ಲೂಟೊ ಪದಚ್ಯುತವಾದ ಮೇಲೆ ತಂದೆತಾಯಿಗೆ ಒಂದು ಚೆಂಡಿನ ಖರ್ಚು ಉಳಿಯಿತು. ಮಾರನೇ ದಿನ ಒಪ್ಪಿಸಬೇಕಾದ ಈ ಸೌರಮಂಡಲವನ್ನು ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸುವವರು ಅಮ್ಮಂದಿರು. ಆ ಹೊತ್ತಿಗೆ ನಿಜವಾದ ಗುರುವೋ ಶನಿಯೋ ಹೊರಗೆ ಬಂದು ನಿಂತಿರುತ್ತದೆ. ಸೊಳ್ಳೆ ಬರುತ್ತದೆಂದು ಕಿಟಕಿ ಹಾಕಿರುತ್ತಾರೆ.

ನನ್ನ ಬಳಿ ಬರುವ ಮಕ್ಕಳಿಗೆ ಈ ತಾಪತ್ರಯವಿಲ್ಲ. ಅವರು ಮನೆಯಲ್ಲೇ ಕಲಿಯುವವರು. ಹೋಮ್‌ಸ್ಕೂಲಿಂಗ್ ಎಂದರೆ ಈಗ ಬೆಂಗಳೂರಿನಲ್ಲಿ ಬಹಳ ಜನಕ್ಕೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಮದುವೆ ಮುಂಜಿಗಳಲ್ಲಿ ಇವರ ಅಪ್ಪ ಅಮ್ಮಂದಿರು ಊಟದ ಎಲೆಯ ಮುಂದೆ ಕೂತು ಉತ್ತರಿಸಬೇಕಾದ ಪ್ರಶ್ನೆಗಳು ಯಾವ ಪಬ್ಲಿಕ್ ಪರೀಕ್ಷೆಯಲ್ಲೂ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಚಿರೋಟಿಯ ಜೊತೆ ಬಡಿಸುವ ಚಿಕ್ಕಪ್ಪನೊಬ್ಬ ಎಲ್ಲ ಮನೆಯಲ್ಲೂ ಇರುತ್ತಾನೆ. ಹದಿನಾಲ್ಕು ತುಂಬಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೇ ತರಗತಿ ಕಟ್ಟಬಹುದು ಎಂದು ಹೇಳಿ ಹೇಳಿ ಆ ತಾಯಂದಿರಿಗೆ ಬಾಯಿಪಾಠವಾಗಿದೆ. ಇಷ್ಟಾದ ಮೇಲೆ ಬರುವ ಕೊನೆಯ ಬಾಣ: ‘ಮತ್ತೆ ಸೈನ್ಸು?’ ಆಗ ಅವರು ನನ್ನನ್ನು ತೋರಿಸುತ್ತಾರೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ದೂರದರ್ಶಕವೊಂದನ್ನು ಇಟ್ಟುಕೊಂಡವನು, ಸಂಜೆ ಟೆರೇಸಿನ ಮೇಲೆ ಸಿಗುವವನು. ಇದಕ್ಕಿಂತ ಹೆಚ್ಚಿನ ಅರ್ಹತೆಯನ್ನು ಈವರೆಗೆ ಯಾರೂ ಕೇಳಿಲ್ಲ.

ಮಕ್ಕಳಿಗೆ ಮೊದಲು ಧ್ರುವನನ್ನು ತೋರಿಸಬೇಕೆಂಬುದು ಎಲ್ಲ ತಾತಂದಿರ ಆಸೆ. ಬೆಂಗಳೂರಿನಲ್ಲಿ ಈ ಆಸೆ ಸುಲಭವಾಗಿ ಈಡೇರುವಂಥದ್ದಲ್ಲ. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣಬೇಕು ಎಂಬುದು ನಾವು ನಿಂತ ಊರಿನ ಅಕ್ಷಾಂಶ. ನಮ್ಮದು 13 ಡಿಗ್ರಿ. ತೋಳು ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದಾದರೂ ತೋಳೂ ಗಿಡ್ಡ, ಲೆಕ್ಕ ಸರಿಹೋಗುತ್ತದೆ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆರಡು ಬೆರಳು, ಅಲ್ಲಿ ಧ್ರುವ. ಆದರೆ ದಿಗಂತ ಇರಬೇಕಲ್ಲ? ನಮ್ಮ ಬಡಾವಣೆಯ ಉತ್ತರಕ್ಕೆ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಇದೆ. ಧ್ರುವ ಅದರ ಎರಡು ಬ್ಲಾಕುಗಳ ಸಂದಿಯಲ್ಲಿ, ನೀರಿನ ಟ್ಯಾಂಕಿಗಿಂತ ತುಸು ಕೆಳಗೆ, ಧೂಳಿನ ಮುಸುಕಿನಲ್ಲಿ ಕಂಡರೆ ಕಂಡ.

ಅಷ್ಟು ಕಷ್ಟಪಟ್ಟು ತೋರಿಸಿದರೆ ಎಂಟು ವರ್ಷದ ಹುಡುಗಿ ಕೇಳಿದಳು: ‘ಅಷ್ಟು ತಪಸ್ಸು ಮಾಡಿದ್ದಕ್ಕೆ ದೇವರು ಕೊಟ್ಟಿದ್ದು ಇಷ್ಟೇನಾ?’ ಅವಳ ನಿರಾಶೆ ನ್ಯಾಯವಾದದ್ದೇ. ಧ್ರುವ ಆಕಾಶದ ಅತಿ ಪ್ರಕಾಶದ ನಕ್ಷತ್ರವೇನಲ್ಲ, ಮಧ್ಯಮ ವರ್ಗದವನು. ಅಲುಗಾಡುವುದಿಲ್ಲ ಎಂಬುದೊಂದೇ ಅವನ ಹೆಗ್ಗಳಿಕೆ. ಬ್ಯಾಂಕಿನಲ್ಲೂ ಅಂಥವರಿಗೇ ಬಡ್ತಿ ಸಿಗುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ಅದೇ ಹುಡುಗಿಯನ್ನು ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿದೆ. ಆ ಕಡೆ ಇನ್ನೂ ಸೈಟುಗಳು ಖಾಲಿ ಇವೆ. ಶಿಲುಬೆಯ ಆಕಾರದ ನಾಲ್ಕು ನಕ್ಷತ್ರ: ತ್ರಿಶಂಕು. ಯುರೋಪಿನ ಮಕ್ಕಳಿಗೆ ಮನೆಯಲ್ಲಿ ಕಲಿತರೂ ಶಾಲೆಯಲ್ಲಿ ಕಲಿತರೂ ಇದು ಕಾಣುವುದಿಲ್ಲ, ನಮಗೆ ಕಾಣುತ್ತದೆ. ಅವಳು ಹೇಳಿಸಿಕೊಳ್ಳದೆ ಮುಷ್ಟಿ ಹಿಡಿದು ಅಳೆದಳು. ಸುಮಾರು 17 ಡಿಗ್ರಿ. ಆಮೇಲೆ ಉತ್ತರಕ್ಕೆ ತಿರುಗಿದಳು, ಮತ್ತೆ ದಕ್ಷಿಣಕ್ಕೆ ತಿರುಗಿದಳು. ಶಾಶ್ವತ ಪದವಿ ಪಡೆದ ಧ್ರುವ 13ರಲ್ಲಿ. ಸ್ವರ್ಗದಿಂದ ತಲೆಕೆಳಗಾಗಿ ತಳ್ಳಿಸಿಕೊಂಡ ತ್ರಿಶಂಕು 17ರಲ್ಲಿ. ‘ಹಾಗಾದ್ರೆ ನಮ್ಮೂರಲ್ಲಿ ಫೇಲಾದವನೇ ಮೇಲಿದ್ದಾನೆ!’ ಪಕ್ಕದಲ್ಲಿದ್ದ ಅವಳ ಅಮ್ಮನ ಮುಖದಲ್ಲಿ ಅಂದು ಕಂಡ ಸಮಾಧಾನವನ್ನು ನಾನು ಬೇರೆ ಯಾವ ಪಾಠದಲ್ಲೂ ಕಂಡಿಲ್ಲ. ಮುಂದಿನ ಮದುವೆಯಲ್ಲಿ ಚಿಕ್ಕಪ್ಪನಿಗೆ ಇದನ್ನು ಹೇಳಿದರಂತೆ. ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲವಂತೆ.

ನಮ್ಮ ತರಗತಿಯಲ್ಲಿ ನನಗಿಂತ ಹಿರಿಯ ಉಪಾಧ್ಯಾಯಿನಿ ಒಬ್ಬರಿದ್ದಾರೆ, ಆ ಹುಡುಗಿಯ ಅಜ್ಜಿ. ತಿಪಟೂರಿನ ಕಡೆಯವರು, ತೆಂಗು ರಾಗಿ ನೋಡಿಕೊಂಡಿದ್ದವರು. ಅವರಿಗೆ ತಿಂಗಳುಗಳ ಮೇಲೆ ಅಂಥ ನಂಬಿಕೆಯಿಲ್ಲ. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ಶುರುಮಾಡಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು ಎಂದು ಸ್ವಾತಿ ವಿಶಾಖೆಯವರೆಗೂ ತಡೆಯಿಲ್ಲದೆ ಹೇಳುತ್ತಾರೆ. ಜೂನ್ ಕೊನೆಯ ವಾರ ಜಡಿಮಳೆ ಹಿಡಿದಾಗ ‘ಆರಿದ್ರೆ ಹುಟ್ಟಿತು’ ಎಂದರು. ಮೊಮ್ಮಗಳು ಛತ್ರಿ ಹಿಡಿದು ಟೆರೇಸಿಗೆ ಬಂದು ‘ಎಲ್ಲಿ ಹುಟ್ಟಿತು, ತೋರಿಸಿ’ ಎಂದಳು.

ತೋರಿಸುವಂತಿಲ್ಲ. ಮಳೆ ನಿಂತು ಮೋಡ ಚೆದುರಿದರೂ ತೋರಿಸುವಂತಿಲ್ಲ. ಮಳೆ ನಕ್ಷತ್ರದ ಲೆಕ್ಕವೇ ಹಾಗೆ: ಸೂರ್ಯ ಆಗ ಆ ನಕ್ಷತ್ರದ ನೆರೆಯಲ್ಲಿರುತ್ತಾನೆ. ನಕ್ಷತ್ರವೂ ಹಗಲಿನಲ್ಲೇ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಆಕಾಶದ 360 ಡಿಗ್ರಿಯನ್ನು 27 ಮನೆಯಾಗಿ ಹಂಚಿದರೆ ಒಂದಕ್ಕೆ 13 ಡಿಗ್ರಿ ಚಿಲ್ಲರೆ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತಾನೆ. ಅದಕ್ಕೇ ಒಂದೊಂದು ಮಳೆಯೂ ಹದಿಮೂರು ಹದಿನಾಲ್ಕು ದಿನ. ಅಜ್ಜಿ ಆರಿದ್ರೆಯನ್ನು ಜನ್ಮದಲ್ಲಿ ಕಣ್ಣೆತ್ತಿ ನೋಡಿದವರಲ್ಲ. ಆದರೆ ಸೂರ್ಯ ಅದರ ಪಕ್ಕ ಯಾವಾಗ ಬಂದು ನಿಲ್ಲುತ್ತಾನೆಂದು ಅವರಿಗೆ ಗೊತ್ತು. ಆರಿದ್ರೆಯನ್ನು ದೂರದರ್ಶಕದಲ್ಲಿ ನೋಡಿದ ನನಗೆ ಇವತ್ತು ಯಾವ ಮಳೆ ಎಂದರೆ ಕ್ಯಾಲೆಂಡರ್ ಬೇಕು. ಇಬ್ಬರನ್ನೂ ಸೇರಿಸಿದರೆ ಒಬ್ಬ ಖಗೋಳಜ್ಞ ಆಗಬಹುದು.

‘ಹಾಗಾದ್ರೆ ಯಾವಾಗ ಕಾಣುತ್ತೆ?’ ಎಂದಳು. ‘ಡಿಸೆಂಬರಿಗೆ ಬಾ’ ಎಂದೆ. ಮಕ್ಕಳು ಮರೆಯುತ್ತಾರೆ ಎಂಬ ಭರವಸೆಯಿಂದ ಹಿರಿಯರು ಇಂಥ ಮಾತು ಹೇಳುವುದುಂಟು. ಅವಳು ಮರೆಯಲಿಲ್ಲ. ಡಿಸೆಂಬರಿನಲ್ಲಿ ಊಟ ಮುಗಿಸಿ ಸ್ವೆಟರ್ ಹಾಕಿಕೊಂಡು ಬಂದಳು, ಅಜ್ಜಿಯನ್ನೂ ಹತ್ತಿಸಿಕೊಂಡು ಬಂದಳು. ಪೂರ್ವದಲ್ಲಿ ಮೃಗಶಿರದ ಕೆಳಗೆ ಕೆಂಡದ ಬಣ್ಣದ ಆರಿದ್ರೆ ಎದ್ದಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ಇದೇನಾ? ಇಷ್ಟು ಕೆಂಪಿದ್ದು ಅಷ್ಟು ನೀರು ಎಲ್ಲಿಂದ ತರುತ್ತೆ?’ ಎಂದರು. ಜೂನಿನಲ್ಲಿ ಕೇಳಿದ ಪ್ರಶ್ನೆಗೆ ಡಿಸೆಂಬರಿನಲ್ಲಿ ಉತ್ತರ ಕೊಡುವ ಸ್ವಾತಂತ್ರ್ಯ ಯಾವ ಶಾಲೆಯ ಮೇಷ್ಟರಿಗಿದೆ? ಅವರು ಅಷ್ಟರಲ್ಲಿ ಕಿರುಪರೀಕ್ಷೆ, ಅರ್ಧವಾರ್ಷಿಕ ಎರಡನ್ನೂ ಮುಗಿಸಿ ಅಂಕಪಟ್ಟಿ ಕೊಟ್ಟಿರಬೇಕು. ಈ ಮಕ್ಕಳ ಅಪ್ಪ ಅಮ್ಮಂದಿರಿಗೂ ಸಿಲಬಸ್ ಎಷ್ಟು ಮುಗಿಯಿತೆಂಬ ಚಿಂತೆ ಆಗಾಗ ಕಾಡುತ್ತದೆ. ಭೂಮಿ ಇನ್ನೂ ಒಂದು ಸುತ್ತು ಮುಗಿಸಿಲ್ಲ, ಸ್ವಲ್ಪ ತಾಳಿ ಎನ್ನುತ್ತೇನೆ.

ಹಗಲಿನ ಪಾಠ ಇಲ್ಲವೆಂದಲ್ಲ. ಏಪ್ರಿಲ್ 24ರಂದು ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ, ನೆಟ್ಟಗೆ ನಿಂತ ಯಾವ ವಸ್ತುವಿಗೂ ನೆರಳು ಹೊರಗೆ ಬೀಳುವುದಿಲ್ಲ. ಆಗಸ್ಟ್ 18ರಂದು ಮತ್ತೊಮ್ಮೆ. ಉತ್ತರಾಯಣದಲ್ಲಿ ಹೋಗುವಾಗ ಒಂದು ಸಲ, ದಕ್ಷಿಣಾಯನದಲ್ಲಿ ಮರಳುವಾಗ ಒಂದು ಸಲ ನಮ್ಮ 13 ಡಿಗ್ರಿಯನ್ನು ಹಾದುಹೋಗುತ್ತಾನೆ. ಕರ್ಕಾಟಕ ವೃತ್ತದ ಆಚೆಗಿರುವ ದೆಹಲಿಗೆ ಈ ಭಾಗ್ಯವಿಲ್ಲ. ರಾಜಧಾನಿಗೆ ಸಿಗದೆ ನಮಗೆ ಸಿಕ್ಕ ಅಪರೂಪದ ಅನುದಾನಗಳಲ್ಲಿ ಇದೊಂದು. ಮಕ್ಕಳು ಲೋಟ, ಬಾಟಲಿ, ಉಪ್ಪಿನಕಾಯಿ ಭರಣಿ, ಚೆಸ್ಸಿನ ರಾಜ ಎಲ್ಲ ತಂದು ಸಾಲಾಗಿ ನಿಲ್ಲಿಸಿದರು. ಹನ್ನೆರಡಾಯಿತು, ನೆರಳು ಇನ್ನೂ ಇತ್ತು. ಒಬ್ಬ ತಂದೆ ಅನುಮಾನದಿಂದ ನನ್ನತ್ತ ನೋಡಿದರು. ನಮ್ಮ ಗಡಿಯಾರ ತೋರಿಸುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆಯ ಹನ್ನೆರಡು. ನಾವು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮದಲ್ಲಿದ್ದೇವೆ, ಸೂರ್ಯ ಇಲ್ಲಿಗೆ ತಲುಪಲು ಹದಿನೆಂಟು ನಿಮಿಷ ಬೇಕು. 12.18ಕ್ಕೆ ಚೆಸ್ಸಿನ ರಾಜ ತನ್ನ ನೆರಳನ್ನು ತಾನೇ ಮೆಟ್ಟಿಕೊಂಡು ನಿಂತ. ಆ ತಂದೆ ಫೋಟೊ ತೆಗೆಯಲು ಬಗ್ಗಿದ್ದರಿಂದ ಎಲ್ಲದರ ಮೇಲೂ ಅವರ ನೆರಳು ಬಿತ್ತು.

ತಂದೆಯರ ಬಗ್ಗೆ ಇನ್ನೊಂದು ಮಾತು. ಅವರು ಮೊದಲು ಕೇಳುವುದು ಯಾವ ಟೆಲಿಸ್ಕೋಪ್ ಕೊಳ್ಳಬೇಕೆಂದು. ನಾನು ಪಠಾಣಿ ಸಾಮಂತನ ಕಥೆ ಹೇಳುತ್ತೇನೆ. ಒಡಿಶಾದ ಖಂಡಪಡಾದಲ್ಲಿ 1835ರಲ್ಲಿ ಹುಟ್ಟಿದ ಸಾಮಂತ ಚಂದ್ರಶೇಖರ ನಕ್ಷತ್ರಗಳನ್ನು ಗುರುತಿಸಲು ಕಲಿತದ್ದು ಮನೆಯ ಹಿರಿಯರಿಂದ. ದೂರದರ್ಶಕವಿಲ್ಲದೆ ಬಿದಿರು ಕಟ್ಟಿಗೆಗಳಲ್ಲಿ ಉಪಕರಣ ಮಾಡಿಕೊಂಡು ವರ್ಷಗಟ್ಟಲೆ ಅಳೆದು, ಸಂಸ್ಕೃತದಲ್ಲಿ ‘ಸಿದ್ಧಾಂತ ದರ್ಪಣ’ ಬರೆದ. ಅದು ಕಲ್ಕತ್ತದಲ್ಲಿ ಅಚ್ಚಾದದ್ದು 1899ರಲ್ಲಿ. ಅವನ ಮಾನಯಂತ್ರ ಎಂದರೆ ಇಂಗ್ಲಿಷಿನ ಟಿ ಅಕ್ಷರದಂತೆ ಜೋಡಿಸಿದ ಎರಡು ಕೋಲು. ನಮ್ಮ ಮಕ್ಕಳೂ ನೆಲ ಒರೆಸುವ ಕೋಲಿಗೆ ಅಡ್ಡಪಟ್ಟಿ ಕಟ್ಟಿ ಒಂದನ್ನು ಮಾಡಿದರು, ಎದುರಿನ ಅಪಾರ್ಟ್‌ಮೆಂಟಿನ ಎತ್ತರ ಅಳೆದರು. ಕಥೆಯನ್ನು ತಂದೆಯರು ತಲೆದೂಗಿ ಕೇಳುತ್ತಾರೆ. ಮುಂದಿನ ವಾರ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಟೆಲಿಸ್ಕೋಪ್ ಬರುತ್ತದೆ, ಅದರ ಮುಂದಿನ ತಿಂಗಳು ಅಟ್ಟ ಸೇರುತ್ತದೆ.

ನನ್ನ ದೂರದರ್ಶಕಕ್ಕೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ಗುರುವಿನ ನಾಲ್ಕು ದೊಡ್ಡ ಚಂದ್ರರನ್ನು, 1610ರ ಜನವರಿಯಲ್ಲಿ ಗೆಲಿಲಿಯೊ ಮಾಡಿದಂತೆ, ಬಂದ ರಾತ್ರಿಯೆಲ್ಲ ಚುಕ್ಕಿಯಿಟ್ಟು ಗುರುತಿಸಬೇಕು. ಜೀವನದಲ್ಲಿ ಹಾಜರಿ ಎಂದು ಕರೆಸಿಕೊಳ್ಳದ ಮಕ್ಕಳು ಅದಕ್ಕೆ ‘ಹಾಜರಿ ಪುಸ್ತಕ’ ಎಂದೇ ಹೆಸರಿಟ್ಟಿದ್ದಾರೆ. ಅಯೋ ಹೆಚ್ಚು ತಪ್ಪಿಸಿಕೊಳ್ಳುತ್ತದೆ. ಗುರುವಿಗೆ ತೀರ ಹತ್ತಿರ, 42 ಗಂಟೆಗೊಂದು ಸುತ್ತು, ಆಗಾಗ ಅದರ ಹಿಂದೆ ಹೋಗಿಬಿಡುತ್ತದೆ. ಬಸವನಗುಡಿ ಕಡೆಯಿಂದ ಬರುವ ಹುಡುಗ ಅದರ ಮುಂದೆ ‘ಕಾರಣ ತಿಳಿಸಿ ರಜೆ’ ಎಂದು ಬರೆದಿದ್ದ. ಇದೇ ಹುಡುಗನನ್ನು ನೆಹರು ತಾರಾಲಯಕ್ಕೆ ಕರೆದೊಯ್ದಾಗ ಗುಮ್ಮಟದ ತುಂಬ ನಕ್ಷತ್ರ ಕಂಡು ಎಲ್ಲರೂ ಓ ಎಂದರು, ಇವನು ಮಾತ್ರ ‘ಮೋಡನೇ ಇಲ್ಲ, ಮೋಸ’ ಎಂದ.

2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿಯ ಪೂರ್ಣ ಚಂದ್ರಗ್ರಹಣಕ್ಕೆ ಟೆರೇಸು ತುಂಬಿತ್ತು. ಸೋಮವಾರ ಶಾಲೆಯಿದ್ದ ನೆರೆಮನೆಯ ಮಕ್ಕಳನ್ನು ಹತ್ತೂವರೆಗೇ ಎಳೆದುಕೊಂಡು ಹೋದರು, ಚಂದ್ರನ ಒಂದು ಮಗ್ಗುಲಷ್ಟೇ ಕಪ್ಪಾಗಿತ್ತು. ನಮ್ಮವರು ಚುರುಮುರಿ ಹಂಚಿಕೊಂಡು ಕೂತರು. ಸರಿಯಾಗಿ ಹನ್ನೊಂದಕ್ಕೆ ಪೂರ್ತಿ ಮುಚ್ಚಿತು, ಮೋಡದ ಸಂದಿಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು, 82 ನಿಮಿಷ ಹಾಗೇ ಇತ್ತು. ಅಜ್ಜಿ ಸಂಜೆಯೇ ಊಟ ಮುಗಿಸಿ, ಮೊಸರಿನ ಪಾತ್ರೆಗೆ ದರ್ಭೆ ಹಾಕಿ, ಮೆಟ್ಟಿಲಿನ ಬಾಗಿಲ ಒಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ನೋಡುವುದಿಲ್ಲ, ಆದರೆ ತಿಳಿಯಬೇಕು. ಮೊಮ್ಮಗಳು ಗಳಿಗೆಗೊಮ್ಮೆ ಓಡಿಹೋಗಿ ವರದಿ ಒಪ್ಪಿಸುತ್ತಿದ್ದಳು. ಭೂಮಿಯ ನೆರಳು ದುಂಡಗಿದೆ ಅಜ್ಜಿ, ಅಂದರೆ ಭೂಮಿಯೂ ದುಂಡಗಿದೆ. ‘ಅದು ಗೊತ್ತು, ಯಾವಾಗ ಬಿಡುತ್ತೆ ಹೇಳು’ ಎಂದರು ಅಜ್ಜಿ. ಅವಳು ಅಪ್ಪನ ಫೋನು ನೋಡಿ ‘1.26’ ಎಂದಳು. ಅಜ್ಜಿ ಮಡಿಲಲ್ಲಿದ್ದ ಪಂಚಾಂಗ ತೆರೆದು ಬೆರಳಿಟ್ಟು ತೋರಿಸಿದರು. ಅಲ್ಲೂ ಅದೇ 1.26. ಹುಡುಗಿ ಪುಸ್ತಕದ ರಟ್ಟು ತಿರುಗಿಸಿ ನೋಡಿದಳು. ‘ಇದಕ್ಕೆ ಚಾರ್ಜರ್ ಎಲ್ಲಿ?’

1.27ಕ್ಕೆ ಕೆಳಗಿನ ಮನೆಯ ಗೀಸರ್ ಆನ್ ಆಯಿತು.