ಮೂಗು ಕಟ್ಟಿದ ಟ್ರ್ಯಾಕ್ಟರು

ಶನಿವಾರ ರಾತ್ರಿ ಬೆಂಗಳೂರು ಬಿಟ್ಟ ಹುಡುಗ ಹುಡುಗಿಯರು ಆನ್‌ಲೈನಿನಲ್ಲಿ ತೆಗೆದ ಟಿಕೆಟ್ ತೋರಿಸಿ, ನಸುಕಿನಲ್ಲಿ ಸ್ಕಂದಗಿರಿ ಹತ್ತುತ್ತಾರೆ. ಸುಮಾರು 1,450 ಮೀಟರ್ ಎತ್ತರದ ನೆತ್ತಿಯಲ್ಲಿ ನಿಂತು ಕಾಲ ಕೆಳಗಿನ ಮೋಡ ನೋಡುವುದಕ್ಕೆಂದೇ ಇಷ್ಟೆಲ್ಲ ಪಾಡು. ಅದೇ ಹೊತ್ತಿಗೆ ಬೆಟ್ಟದ ಬುಡದ ರಸ್ತೆಯಲ್ಲಿ ಇನ್ನೊಂದು ಮೋಡ ಟಿಕೆಟ್ ಇಲ್ಲದೆ ಏಳುತ್ತಿರುತ್ತದೆ. ಅದರೊಳಗೆ ಟವೆಲ್ಲು ಬೀಸುತ್ತ ನಿಂತವನು ಓನರಣ್ಣ.

ಓನರಣ್ಣ ಒಬ್ಬನೇ ಎಂದುಕೊಳ್ಳಬೇಡಿ. ಗೌರಿಬಿದನೂರಿನ ಮೆಕ್ಕೆಜೋಳದ ಹೊಲದಲ್ಲಿ, ಚಿಂತಾಮಣಿಯ ಟೊಮ್ಯಾಟೊ ಮಂಡಿಯ ಮುಂದೆ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಎಲ್ಲೆಲ್ಲೂ ಅವನಿದ್ದಾನೆ. ಸಾಲ ಮಾಡಿ ಟ್ರ್ಯಾಕ್ಟರ್ ತಂದವನು. ತನ್ನ ಮೂರೆಕರೆ ಉತ್ತಾದ ಮೇಲೆ ಊರವರ ಹೊಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಹೊಡೆಯುವವನು. ಓನರೂ ಅವನೇ, ಡ್ರೈವರೂ ಅವನೇ. ಬೈಸಿಕೊಳ್ಳುವುದಕ್ಕೆ ಮಾತ್ರ ಒಬ್ಬ ಕ್ಲೀನರ್ ಹುಡುಗನನ್ನು ಇಟ್ಟುಕೊಂಡಿದ್ದಾನೆ.

ಗಾಡಿಯ ಮೇಲೆ ಅವನಿಗೆ ಪ್ರೀತಿ ಇಲ್ಲ ಎಂದು ಯಾರಾದರೂ ಅಂದರೆ ಪಾಪ ತಟ್ಟೀತು. ದಿನಾ ಬೆಳಿಗ್ಗೆ ಬಾನೆಟ್ಟು ಒರೆಸುತ್ತಾನೆ. ಮಡ್‌ಗಾರ್ಡಿನ ಮೇಲೆ ಮಗಳ ಹೆಸರು, ಹಿಂದೆ ಮನೆದೇವರ ಹೆಸರು. ಹಾಡಿನ ಪೆಟ್ಟಿಗೆಗೆ ಖರ್ಚಾದ ದುಡ್ಡಿನಲ್ಲಿ ಒಂದು ಜೊತೆ ಟೈರು ಬರುತ್ತಿತ್ತು. ಇನ್ನು ಆಯುಧಪೂಜೆ ಬಂತೆಂದರೆ, ಹೇಳಿಕೇಳಿ ಚಿಕ್ಕಬಳ್ಳಾಪುರ ಹೂವಿನ ಸೀಮೆ: ಸೇವಂತಿಗೆ, ಚೆಂಡುಹೂ ಮಾರುಗಟ್ಟಲೆ ಬಂದು ಮುಂದಿನ ಜಾಲರಿಗೆ ಸುತ್ತಿಕೊಳ್ಳುತ್ತವೆ. ಅದರ ಮೇಲೆ ಮಿಂಚುವ ತೋರಣ, ಅದರ ಮೇಲೆ ನಿಂಬೆಹಣ್ಣಿನ ಸರ. ಟ್ರ್ಯಾಕ್ಟರು ಮದುಮಗನ ಹಾಗೆ ಕಾಣುತ್ತದೆ. ಬಾಸಿಂಗ ಸ್ವಲ್ಪ ಕೆಳಗೆ ಇಳಿದು ಮೂಗು ಮುಚ್ಚಿದ ಮದುಮಗ.

ಮೂಗು ಅಂದದ್ದು ಸುಮ್ಮನೆ ಅಲ್ಲ. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಕೆಲಸಕ್ಕೆ ದಕ್ಕುವುದು ಹೆಚ್ಚು ಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸಬೇಕು. ಅಲ್ಲಿ ಸಾಲುಸಾಲು ಕೊಳವೆ, ಕೊಳವೆಗಳ ನಡುವೆ ಕಾಗದದಷ್ಟು ತೆಳ್ಳಗಿನ ಲೋಹದ ರೆಕ್ಕೆಗಳು. ಹಿಂದಿನ ಫ್ಯಾನು ಮುಂದಿನ ಗಾಳಿಯನ್ನು ಆ ಸಂದಿಗಳಿಂದ ಎಳೆದುಕೊಂಡರೆ ನೀರು ತಣಿಯುತ್ತದೆ. ಗಾಳಿಯ ಜೊತೆ ಬರುವ ಕಸವನ್ನೂ ಫ್ಯಾನು ಅಷ್ಟೇ ಅಕ್ಕರೆಯಿಂದ ಎಳೆದುಕೊಳ್ಳುತ್ತದೆ.

ಅದು ಬಯಲಾಗುವುದು ರಾಗಿ ಒಕ್ಕಣೆಯಲ್ಲಿ. ಉಳುವಾಗಲಾದರೆ ಗಾಡಿ ಚಲಿಸುತ್ತಿರುತ್ತದೆ, ಎದುರು ಗಾಳಿ ಒಂದಿಷ್ಟು ಬರುತ್ತದೆ. ಎಂಜಿನ್ನಿನ ಬಲವನ್ನು ಒಕ್ಕಣೆ ಮಿಷನ್ನಿಗೆ ದಾಟಿಸುವ ಪಿಟಿಓ ಹಾಕಿ ನಿಲ್ಲಿಸಿದರೆ ನಿಂತಲ್ಲೇ ಗಂಟೆಗಟ್ಟಲೆ ದುಡಿತ, ಸುತ್ತ ಹೊಟ್ಟಿನ ಮಂಜು. ಗಾಳಿ ಯಾವ ಕಡೆಗಿದೆ ನೋಡಿ, ಹೊಟ್ಟು ಗಾಡಿಯ ಮುಖಕ್ಕೆ ಬಾರದ ಹಾಗೆ ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಓನರಣ್ಣ ನೋಡುವುದು ನೆರಳು ಯಾವ ಕಡೆಗಿದೆ ಅಂತ.

“ಅಣ್ಣಾ, ಸೂಜಿ ಕೆಂಪಿಗೆ ಬಂತು.”

“ಬರ್ಲಿ ಬಿಡು. ಅದ್ಕೆ ಮೊದ್ಲಿಂದ್ಲೂ ಅದೇ ಚಾಳಿ.”

“ಹೊಗೆ ಬತ್ತಾ ಐತಣ್ಣಾ.”

“ಹೊಗೆ ಅಲ್ಲವೋ ಅದು, ಹಬೆ. ಹೋಗಿ ಒಂದು ಬಿಂದಿಗೆ ನೀರು ತಗೊಂಬಾ.”

ಇಲ್ಲಿಂದ ಮುಂದೆ ಊರಿಗೆ ಊರೇ ಮೆಕ್ಯಾನಿಕ್ಕು. ಒಬ್ಬ ಥರ್ಮೋಸ್ಟಾಟು ಕಿತ್ತು ಬಿಸಾಕು ಅನ್ನುತ್ತಾನೆ. ಇನ್ನೊಬ್ಬ ಫ್ಯಾನ್ ಬೆಲ್ಟಿನ ಮೇಲೆ ಅನುಮಾನ ಪಡುತ್ತಾನೆ. ಮೂರನೆಯವನದು ದೃಷ್ಟಿ ಆಗಿದೆ ಎಂಬ ತೀರ್ಮಾನ. ಓನರಣ್ಣ ಟವೆಲ್ಲು ಸುತ್ತಿ ಬಿಸಿ ಮುಚ್ಚಳಕ್ಕೆ ಕೈ ಹಾಕುತ್ತಾನೆ, ಕುದಿನೀರು ಎದೆಯೆತ್ತರ ಚಿಮ್ಮುತ್ತದೆ, ಅವನು ಚಿಕ್ಕಂದಿನಲ್ಲಿ ಕೋಕೋ ಆಡಿದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಸಲ ಮುಚ್ಚಳವೇ ಕಣದಲ್ಲಿ ಕಳೆದುಹೋಗಿ, ಬಟ್ಟೆ ತುರುಕಿ ಪ್ಲಾಸ್ಟಿಕ್ ಕವರ್ ಕಟ್ಟಿ ವಾರ ಓಡಿಸಿದ್ದೂ ಉಂಟು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ; ಬಾಯಿ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಕುಕ್ಕರಿನಂತೆ ಒತ್ತಡ ಹಿಡಿದು ಕುದಿಯುವುದನ್ನು ಮುಂದೂಡುವುದಕ್ಕೇ ಆ ಮುಚ್ಚಳ ಇರುವುದು. ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾದರೆ ಬೇಳೆ ಬೇಯಲಿಲ್ಲ ಎಂದು ಕೂಗಾಡುವವನೂ ಇವನೇ.

ಹಾಕುವ ನೀರಾದರೂ ಎಂಥದ್ದು? ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನದು. ಬಚ್ಚಲ ಹಂಡೆಯ ತಳದಲ್ಲಿ ಸುಣ್ಣದ ಪೊರೆ ಕಟ್ಟಿಸುವ ಅದೇ ನೀರು ಕೊಳವೆಯ ಒಳಗೂ ಪೊರೆ ಕಟ್ಟಿಸುತ್ತದೆ. ತುಕ್ಕು ಹಿಡಿಯದಂತೆ, ಬೇಗ ಕುದಿಯದಂತೆ ನೋಡಿಕೊಳ್ಳುವ ಕೂಲೆಂಟ್ ಹಾಕಿ ಎಂದರೆ, “ಹಸಿರು ಬಣ್ಣದ ನೀರಿಗೆ ಅಷ್ಟು ದುಡ್ಡಾ?” ಎಂದು ನಗುತ್ತಾನೆ. ನಗುತ್ತಲೇ ಮಗನಿಗೆ ಅದಕ್ಕಿಂತ ಹಸಿರಾದ ಕೂಲ್‌ಡ್ರಿಂಕ್ಸ್ ಕೊಡಿಸುತ್ತಾನೆ.

ಅವನ ಅಪ್ಪನ ಕಾಲ ಬೇರೆ. ಅಪ್ಪನದು ಹಳೆಯ ಐಷರ್. 1959ರಲ್ಲಿ ಫರೀದಾಬಾದಿನಲ್ಲಿ ಜರ್ಮನ್ ನಂಟಿನಿಂದ ತಯಾರಿಕೆ ಶುರುವಾದ ಈ ಕಂಪನಿಯ ಹಳೆಯ ಗಾಡಿಗಳಿಗೆ ರೇಡಿಯೇಟರೇ ಇರಲಿಲ್ಲ. ಸಿಲಿಂಡರಿನ ಮೈಮೇಲೆ ಬಳೆ ತೊಡಿಸಿದಂತೆ ರೆಕ್ಕೆಗಳು, ಅವಕ್ಕೆ ಬೀಸುವ ಗಾಳಿ; ನೀರಿನ ರಗಳೆ ಇಲ್ಲ. ಮುದುಕ ಸಂಜೆ ಬೀಡಿ ಹಚ್ಚಿಕೊಂಡು, ತೆಂಗಿನಗರಿಯ ಕಡ್ಡಿ ಹಿಡಿದು, ಒಂದೊಂದೇ ಸಂದಿನ ಮಣ್ಣು ಕೆದಕುತ್ತ ಕೂರುತ್ತಿದ್ದನಂತೆ. ಮಗನಿಗೆ ಬೀಡಿ ಮಾತ್ರ ಬಂದಿದೆ.

ಹಾಗೆಂದು ಗಾಳಿಯ ಬೆಲೆ ಅವನಿಗೆ ಗೊತ್ತಿಲ್ಲವೇ? ಶಿಡ್ಲಘಟ್ಟದ ಕಡೆಯ ಓನರಣ್ಣನನ್ನು ಹುಳುಮನೆಯಲ್ಲಿ ನೋಡಬೇಕು. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿತೆಂದರೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿತೆಂದರೆ, ಮನುಷ್ಯ ನಿದ್ದೆ ಮಾಡುವುದಿಲ್ಲ. ಉಷ್ಣಾಂಶ 25 ಡಿಗ್ರಿಯ ಹತ್ತಿರವೇ ಇರಬೇಕೆಂದು ಗೋಡೆಯ ಮಾಪಕವನ್ನು ಗಳಿಗೆಗೊಮ್ಮೆ ನೋಡುತ್ತಾನೆ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿಸುತ್ತಾನೆ. ಗಾಳಿ ಆಡುವ ಬಾಗಿಲಿಗೆ ಯಾರಾದರೂ ಅಡ್ಡ ನಿಂತರೆ ಮಾವನೇ ಆಗಿರಲಿ, ಎಬ್ಬಿಸುತ್ತಾನೆ. ಹೆಂಡತಿ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಅಂದೇಬಿಟ್ಟಳು: “ಹುಳಕ್ಕಾದ್ರೆ ಕಿಟಕಿ ತೆಗೀತೀರ. ಆ ಟ್ಯಾಕ್ಟ್ರಿಗೂ ಒಂದು ಕಿಟಕಿ ಐತಂತಲ್ಲ, ಅದನ್ನೂ ಒಂದಪ ನೋಡಬಾರ್ದಾ?”

ಮಾತು ನಾಟಿತು. ನೇರವಾಗಿ ವಾಟರ್ ಸರ್ವೀಸಿಗೆ ಹೋದ. ಅಲ್ಲಿನ ಹುಡುಗ ಪೈಪು ಹಿಡಿದು ಮುಂದಿನಿಂದ ಶಕ್ತಿಮೀರಿ ಹೊಡೆದ. ಹೊಟ್ಟು ಹೊರಬರುವ ಬದಲು ಇನ್ನಷ್ಟು ಒಳಗೆ ಕೂತಿತು, ಎಳೆಯ ರೆಕ್ಕೆಗಳು ಮಲಗಿಬಿಟ್ಟವು. ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ, ಬಿಸಿಲಿಗೆ ಒಣಗಿಸಿದರೆ ಏನಾಗುತ್ತದೆಂದು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅವರ ಅಜ್ಜಂದಿರು ಗೋಡೆ ಕಟ್ಟಿದ್ದು ಹಾಗೆಯೇ. ಎರಡು ದಿನದಲ್ಲಿ ಓನರಣ್ಣನ ರೇಡಿಯೇಟರಿನೊಳಗೂ ಅಂಥದೊಂದು ಗೋಡೆ ಎದ್ದಿತು.

ಕೊನೆಗೆ ಪೇಟೆಯ ರೇಡಿಯೇಟರ್ ಮೇಸ್ತ್ರಿ. ವಯಸ್ಸಾದವರು, ಮಾತು ಕಮ್ಮಿ. ಎಂಜಿನ್ನು ತಣ್ಣಗಾಗುವವರೆಗೆ ಮುಟ್ಟಲಿಲ್ಲ, ಟೀ ಕುಡಿದರು. ಆಮೇಲೆ ಫ್ಯಾನಿನ ಕಡೆಯಿಂದ ಮೊಬೈಲಿನ ಟಾರ್ಚು ಹಿಡಿಸಿ ಮುಂದಿನಿಂದ ಕಣ್ಣಿಟ್ಟರು. ಅಮಾವಾಸ್ಯೆ.

“ನೀರು ಆಮೇಲೆ. ಮೊದ್ಲು ಒಣಗಿದ್ದು ಒಣಗಿದ್ದಾಗೇ ಬರ್ಲಿ,” ಎಂದು ಜಾಲರಿ ಹೊರಗೆಳೆದು ನೆಲಕ್ಕೆ ಕುಟ್ಟಿದರು. ಮೆತ್ತನೆಯ ಬ್ರಷ್ಷಿನಿಂದ ರೆಕ್ಕೆಯ ಉದ್ದಕ್ಕೇ ಎಳೆದರು, ಅಡ್ಡ ಎಳೆಯಲಿಲ್ಲ. ಕಂಪ್ರೆಸರಿನ ಗಾಳಿಯನ್ನು ಮೆಲ್ಲಗೆ ತಿರುಗಿಸಿ, ಫ್ಯಾನಿನ ಕಡೆಯಿಂದ, ಓರೆಯಾಗದಂತೆ ನೇರ ಹಿಡಿದರು. “ಕಸ ಬಂದ ದಾರೀಲೇ ವಾಪಸ್ ಹೋಗ್ಬೇಕು.” ಎಣ್ಣೆ ಜಿಡ್ಡು ಹಿಡಿದ ಕಡೆಗೆ ಒಂದು ಪ್ಯಾಕೆಟ್ ಶಾಂಪೂ ಕದಡಿ ಸವರಿ, ನೆನೆಯಲು ಬಿಟ್ಟು, ಸಣ್ಣ ಧಾರೆಯಲ್ಲಿ ತೊಳೆದರು. ಮಲಗಿದ ರೆಕ್ಕೆಗಳನ್ನು ಚಪ್ಪಟೆ ಕಡ್ಡಿಯಿಂದ ಒಂದೊಂದೇ ಎಬ್ಬಿಸಿದರು.

ಕೆಳಗೆ ಹಾಸಿದ್ದ ಗೋಣಿಯ ಮೇಲೆ ಓನರಣ್ಣನ ವರ್ಷದ ಲೆಕ್ಕಪತ್ರ ಬಿದ್ದಿತ್ತು. ಎರಡು ಬೊಗಸೆ ರಾಗಿ ಹೊಟ್ಟು. ಕಂದು ಬಣ್ಣಕ್ಕೆ ತಿರುಗಿದ ಸೇವಂತಿಗೆ ಎಸಳು. ತೋರಣದ ಬೆಳ್ಳಿಯೆಳೆ, ಇನ್ನೂ ಮಿನುಗುತ್ತಿತ್ತು. ಪಾರ್ಥೇನಿಯಂ ಹೂವಿನ ಬಿಳಿ ಪುಡಿ, ಹಾತೆಯ ರೆಕ್ಕೆ, ಹಿಪ್ಪುನೇರಳೆಯ ಒಣ ಸೊಪ್ಪು. ಟಾರ್ಚು ಮತ್ತೆ ಹಿಡಿದರೆ ಬೆಳಕು ಎಳೆಎಳೆಯಾಗಿ ಸೋಸಿ ಬಂತು. ಮೇಸ್ತ್ರಿ ಕೇಳಿದ್ದು ಕಮ್ಮಿ ದುಡ್ಡು. ಓನರಣ್ಣ ಅದರಲ್ಲೂ ಐವತ್ತು ರೂಪಾಯಿ ಮುರಿದ.

ಮರುದಿನ ಕಣದಲ್ಲಿ ಮಿಷನ್ನು ಶುರುವಾಯಿತು. ಹತ್ತು ಗಂಟೆ ಆಯಿತು, ಹನ್ನೆರಡಾಯಿತು. ಸೂಜಿ ಹಸಿರಿನಲ್ಲೇ ಕೂತಿತ್ತು. ಓನರಣ್ಣ ಗಾಜಿಗೆ ಬೆರಳಿನಿಂದ ಕುಟ್ಟಿದ. ಬಾನೆಟ್ಟಿಗೆ ಅಂಗೈ ತಾಗಿಸಿದ. ಬಗ್ಗಿ ವೈರು ಜಗ್ಗಿ ನೋಡಿದ. ಹಬೆ ಇಲ್ಲ, ನೀರು ತರುವ ಕೆಲಸವೂ ಇಲ್ಲದೆ ಕ್ಲೀನರ್ ಹುಡುಗ ಮೆದೆಯ ನೆರಳಲ್ಲಿ ಮಲಗಿದ್ದ. ಮಧ್ಯಾಹ್ನದ ಮುದ್ದೆ ಕೂಡ ಓನರಣ್ಣನಿಗೆ ನೆಟ್ಟಗೆ ಇಳಿಯಲಿಲ್ಲ. ಕೈ ತೊಳೆದವನೇ ಫೋನು ತೆಗೆದು ಮೇಸ್ತ್ರಿಗೆ ಹಚ್ಚಿದ:

“ಏನ್ ಮಾಡಿಕ್ಕಿದ್ರಿ ಸಾಮಿ ನೆನ್ನೆ? ಸೂಜಿ ಏಳ್ತಾನೇ ಇಲ್ಲ. ಮೀಟ್ರು ಕೆಟ್ಟೋಗದೆ.”