ಐದು ಮಿನಿಟಿನ ಕೆಲಸದ ಕಾಕಾ

ಗ್ಯಾರೇಜಿಗೆ ಹೋದರೆ ಮಾನ ಹೋಯಿತು ಎಂದು ತಿಳಿದವರು ಪ್ರತಿ ಓಣಿಗೂ ಒಬ್ಬರು ಇರುತ್ತಾರೆ. ಅವರ ಮನೆಯ ಮಿಕ್ಸರಿಗೆ ಸೈಕಲ್ಲಿನ ವಾಶರ್, ಕುಕ್ಕರಿನ ಹಿಡಿಕೆಗೆ ಯಾವುದೋ ಬಾಗಿಲಿನ ಸ್ಕ್ರೂ. ಬಿಸ್ಕೀಟಿನ ಡಬ್ಬಿ ತೆರೆದರೆ ನಟ್ಟು ಬೋಲ್ಟು. ಹೊಸ ವಸ್ತು ಮನೆಗೆ ಬಂದರೆ, ಅದು ಒಮ್ಮೆ ಕೆಡುವತನಕ ಇವರಿಗೆ ಅದರ ಮೇಲೆ ಮಮತೆ ಹುಟ್ಟುವುದಿಲ್ಲ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಈ ಹುದ್ದೆ ಕಾಕಾ ಅವರದು. ಹೆಸರು ಬೇಡ. ಹೆಸರು ಬರೆದರೆ ಪತ್ರಿಕೆ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಂದವರ ಕಣ್ಣು ನಮ್ಮ ತೊಟ್ಟಿಕ್ಕುವ ನಲ್ಲಿಯ ಮೇಲೆ ಬೀಳುತ್ತದೆ. ಆಮೇಲೆ ನಾವು ಕೊಡ ಹಿಡಿದು ಪಕ್ಕದ ಮನೆಗೆ ಹೋಗಬೇಕು. ಪವರ್‌ಲೂಮಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿ ದುಡಿದು, ಮಗ ಪುಣೆಯಲ್ಲಿ ನೌಕರಿ ಹಿಡಿದ ಮೇಲೆ ಮನೆಯಲ್ಲಿ ಕುಳಿತವರು. ಕುಳಿತವರು ಎಂದೆನಲ್ಲ, ಅದು ರೂಢಿಯ ಮಾತು.

ಅವರ ಉಳಿದ ರಿಪೇರಿಗಳನ್ನೆಲ್ಲ ನಾನು ಕ್ಷಮಿಸಿದ್ದೇನೆ. ಹೆಡ್‌ಲೈಟನ್ನು ಮಾತ್ರ ಕ್ಷಮಿಸಲು ಆಗಿಲ್ಲ.

ಅವರದೊಂದು ಹಳೇ ಕಾರಿದೆ. ಅದರ ಎಡಗಡೆಯ ದೀಪ ಒಂದು ದಿನ ರಸ್ತೆ ಬಿಟ್ಟು ಬಂಪರಿನ ಮುಂದಿನ ನೆಲ ನೋಡತೊಡಗಿತು. ಅಂಬಾಸಿಡರಿನ ಕಾಲದಲ್ಲಿ ಇದೊಂದು ಕಾಯಿಲೆಯೇ ಅಲ್ಲ. ಏಳಿಂಚಿನ ದುಂಡು ದೀಪ, ರಿಂಗ್ ಬಿಚ್ಚಿದರೆ ಕಬ್ಬಿಣದ ಸ್ಕ್ರೂ, ತಿರುವಿದರೆ ಮುಗಿಯಿತು. ಈಗಿನ ದೀಪದೊಳಗೆ ಕನ್ನಡಿಯಂಥ ರಿಫ್ಲೆಕ್ಟರ್ ಮೂರು ಕಡೆ ಆತುಕೊಂಡು ನಿಂತಿರುತ್ತದೆ. ಒಂದು ಆಧಾರ ಸ್ಥಿರ. ಉಳಿದೆರಡು ಅಡ್ಜಸ್ಟರುಗಳು, ಒಂದು ಮೇಲೆ ಕೆಳಗೆ ಮಾಡಲು, ಇನ್ನೊಂದು ಎಡಕ್ಕೆ ಬಲಕ್ಕೆ ಸರಿಸಲು. ಸ್ಕ್ರೂವಿನ ಗುಂಡು ತುದಿಯನ್ನು ಕಚ್ಚಿ ಹಿಡಿಯುವುದು ಹುಣಸೆಬೀಜದಷ್ಟು ದೊಡ್ಡ ಪ್ಲಾಸ್ಟಿಕ್ ಬಟ್ಟಲು. ಒಳಗೆ 55 ವ್ಯಾಟಿನ ಬಲ್ಬಿನ ಕಾವು, ಹೊರಗೆ ನಮ್ಮ ಏಪ್ರಿಲ್ ಬಿಸಿಲು, ಕೆಳಗೆ ನಮ್ಮ ರಸ್ತೆ. ಬಟ್ಟಲು ಸೀಳದೆ ಏನು ಮಾಡೀತು? ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, "ಅದೊಂದ ಸಿಗಂಗಿಲ್ರಿ ಕಾಕಾ, ಪೂರಾ ಅಸೆಂಬ್ಲಿನ ಬದಲಿ ಮಾಡಬೇಕ್ರಿ" ಅಂದ.

ಮುಗಿಯಿತು. ಕಾಕಾ ನನ್ನನ್ನು ಕರೆದರು. "ಏ ತಮ್ಮಾ, ಬಾ ಇಲ್ಲೆ. ಐದ ಮಿನಿಟಿನ ಕೆಲಸ ಐತಿ."

ದೀಪದ ಗಾಜು ಅಂಟಿನಿಂದ ಬಿಡಬೇಕಾದರೆ ಕಾವು ಕೊಡಬೇಕು. ರಜೆಗೆ ಬಂದಿದ್ದ ಸೊಸೆಯ ಕೂದಲು ಒಣಗಿಸುವ ಡ್ರೈಯರ್ ಆ ಮಧ್ಯಾಹ್ನವೆಲ್ಲ ಹೆಡ್‌ಲೈಟಿಗೆ ಬಿಸಿಗಾಳಿ ಊದಿತು. ಸೊಸೆ ತಲೆಗೆ ಟವೆಲ್ ಸುತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು. ಬಟ್ಟಲಿಗೆ ಬದಲಿ ಸಿಕ್ಕಿದ್ದು ಮಗ್ಗದಿಂದ. ಲಾಳಿಯನ್ನು ಹೊಡೆದು ಅತ್ತಿಂದಿತ್ತ ಓಡಿಸುವ ಪಿಕ್ಕರ್ ಇದೆಯಲ್ಲ, ಹಿಂದೆ ಎಮ್ಮೆ ಚರ್ಮದ್ದು, ಈಗ ನೈಲಾನಿನದು. ದಿನವಿಡೀ ಪೆಟ್ಟು ತಿನ್ನುವುದೇ ಅದರ ಜನ್ಮ. ಅಂಥದ್ದೊಂದು ಸವೆದ ಪಿಕ್ಕರಿನ ತುಂಡನ್ನು ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ಸ್ಕ್ರೂವಿನ ಗುಂಡು ತುದಿಗಿಂತ ಬಾಯಿ ಕೂದಲೆಳೆ ಸಣ್ಣದಾದ ಗುಣಿ ಕೊರೆದರು. ಒತ್ತಿದರೆ ಗುಂಡು ತುದಿ ಒಳಗೆ ಹೋಗಿ ಕಚ್ಚಿಕೊಂಡಿತು. ಒಪ್ಪಲೇಬೇಕು, ಕೆಲಸ ಕಂಪನಿಯದಕ್ಕಿಂತ ಗಟ್ಟಿ. ಸಮಸ್ಯೆ ಆಮೇಲಿನದು.

ದೀಪ ಕೂಡಿಸಿದರೆ ಸಾಲದು, ನೇರ ಮಾಡಬೇಕು. ಅದಕ್ಕೆ ಸಮತಟ್ಟಾದ ನೆಲ ಬೇಕು, ನೆಟ್ಟಗಿನ ಗೋಡೆ ಬೇಕು, ಎರಡರ ನಡುವೆ 25 ಅಡಿ ಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗ ನಮ್ಮಲ್ಲಿ ಶಾಲೆಯ ಕಂಪೌಂಡ್ ಒಂದೇ. ಅಳತೆಯ ಟೇಪು ಸಿಗಲಿಲ್ಲ. ಕಾಕಿ ಬಾಗಿಲಲ್ಲೇ ನಿಂತು ಬೇಸರದಿಂದ, "ನನ್ನ ಒಂಬತ್ತ ವಾರದ ಸೀರಿ ತಗೊಂಡ ಅಳೀರಿ" ಅಂದರು. ಕಾಕಾನಿಗೆ ವ್ಯಂಗ್ಯ ತಿಳಿಯುವುದಿಲ್ಲ. "ಒಂಬತ್ತ ವಾರ ಅಂದ್ರ 27 ಫೂಟ. ಎರಡ ಫೂಟ ಮಡಚಬೇಕಾಕ್ಕೈತಿ" ಎಂದು ಲೆಕ್ಕ ಹಾಕಿದರು. ಆ ರಾತ್ರಿ ಶಾಲೆಯ ಮುಂದೆ, ತೋಪ ತೆನಿ ಸೆರಗು ಗೋಡೆಗೆ ತಾಗಿಸಿ ಹಿಡಿದವನು ಪದವಿ ಕಾಲೇಜಿನ ಕನ್ನಡ ಉಪನ್ಯಾಸಕ.

ಸೆರಗು ಬಿಟ್ಟ ಮೇಲೆ ನನ್ನ ಜಾಗ ಡ್ರೈವರ್ ಸೀಟು. ಗಾಡಿಯಲ್ಲಿ ಓಡಿಸುವವನ ತೂಕ ಇರಬೇಕು, ಟೈರಿನ ಗಾಳಿ ಸರಿಯಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆಯಂತೆ. "ಕಾಲೇಜಿನ್ಯಾಗ ಏನ ಕಲಸ್ತೀಯೋ ಗೊತ್ತಿಲ್ಲ, ಸೀಟಿನ್ಯಾಗ ಮಾತ್ರ ಭಾಳ ಚೊಲೊ ಕುಂದರ್ತಿ" ಎಂದರು. ನನ್ನ ಸೇವಾವಧಿಯಲ್ಲಿ ಸಿಕ್ಕ ಒಂದೇ ಪ್ರಶಂಸಾಪತ್ರ ಅದು.

ಗೋಡೆಯ ಮೇಲೆ ದೀಪದ ಎತ್ತರಕ್ಕೊಂದು ಸೀಮೆಸುಣ್ಣದ ಗೆರೆ. ಡಿಪ್ ಬೆಳಕಿನ ಅಂಚು ಅದರಿಂದ ಎರಡು ಇಂಚು ಕೆಳಗೆ ಬೀಳಬೇಕು. ದೀಪ ಎರಡಡಿ ಎತ್ತರದಲ್ಲಿದ್ದರೆ ಆ ಎರಡು ಇಂಚಿನ ಲೆಕ್ಕದಲ್ಲಿ ಬೆಳಕು ಮುಂದೆ ರಸ್ತೆಯ ಮೇಲೆ ಮುನ್ನೂರು ಅಡಿಗೆ ನೆಲ ಮುಟ್ಟುತ್ತದೆ. ಒಂದೇ ಇಂಚಾದರೆ ಆರುನೂರು. "ಗ್ವಾಡಿ ಮ್ಯಾಲ ಒಂದ ಇಂಚ ತಪ್ಪಿದ್ರ ರೋಡಿನ ಮ್ಯಾಲ ಮುನ್ನೂರ ಫೂಟ ತಪ್ಪತೈತಿ" ಎಂದು ಕಾಕಾ ಬಾನೆಟ್ ಒಳಗಿಂದಲೇ ಪಾಠ ಹೇಳುವಾಗ, ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂಬುದರ ಕೆಳಗೆ ಒಬ್ಬ ಮಹಾಶಯ ಬಂದು ನಿಂತ. ನಾನು ಸ್ವಿಚ್ ಒತ್ತಿದೆ. ಪಾಪ, ಹೌಹಾರಿದ. ಕಾಕಾ ಬೈಯಲಿಲ್ಲ. ಕೈ ಆಡಿಸಿ, "ಒಂದೀಟ ಬಲಕ್ಕ ಸರೀರಿ. ಎಡಗಡೆ ಬೆಳಕ ಮ್ಯಾಲ ಏರತೈತೋ ಇಲ್ಲೋ ನೋಡಬೇಕಾಗೈತಿ" ಅಂದರು. ಎಡಗಡೆ ಓಡಿಸುವ ದೇಶದಲ್ಲಿ ರಸ್ತೆಯ ಅಂಚು ಕಾಣಲೆಂದು ಡಿಪ್ ಬೆಳಕು ಎಡಕ್ಕೆ ಮೇಲೇರುತ್ತದೆ. ಆತ ಬಲಕ್ಕೆ ಸರಿಯಲಿಲ್ಲ, ಕತ್ತಲೆಗೆ ಓಡಿದ.

ಇಷ್ಟೆಲ್ಲ ಯಾಕೆ? ದುಡ್ಡು ಉಳಿಸಲು ಎಂದು ನಾನೂ ತಿಳಿದಿದ್ದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಟಾಗ ಬೇರೆಯದೇ ತಿಳಿಯಿತು. ಹಿಂದಿನ ಸೀಟು ತುಂಬ ಹೆಂಗಸರು, ಡಿಕ್ಕಿ ತುಂಬ ರೊಟ್ಟಿ, ಶೇಂಗಾ ಚಟ್ನಿ. ಹಿಂದೆ ಭಾರವಾದರೆ ಮೂತಿ ಮೇಲೇಳುತ್ತದೆ, ಬೆಳಕೂ ಏಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆಯಿಂದ ಮೂರರವರೆಗೆ ತಿರುಗುವ ಗಾಲಿಯೊಂದು ಇರುತ್ತದಲ್ಲ, ಅದಿರುವುದು ಇದಕ್ಕೇ. ಅಂಕಿ ಹೆಚ್ಚಿದಷ್ಟೂ ಬೆಳಕು ಇಳಿಯುತ್ತದೆ. ಕಾಕಾನ ಕಾರಿನಲ್ಲಿ ಆ ಗಾಲಿ ಇಲ್ಲ. ಅಮೀನಗಡದಲ್ಲಿ ಕರದಂಟು ತುಂಬಿಸಿಕೊಂಡ ಮೇಲಂತೂ ಬೆಳಕು ಬೇವಿನ ಮರದ ಕೊಂಬೆಗೇರಿತು. ಕಾಕಾ ಗಾಡಿ ನಿಲ್ಲಿಸಿ, ರೊಟ್ಟಿಯ ಬುಟ್ಟಿಯನ್ನು ಡಿಕ್ಕಿಯಿಂದ ತೆಗೆದು ಮುಂದಿನ ಸೀಟಿನಲ್ಲಿದ್ದ ನನ್ನ ತೊಡೆಯ ಮೇಲಿಟ್ಟರು. ಅದರ ಮೇಲೆ ಕರದಂಟು. ಬಾದಾಮಿಯ ಗುಡ್ಡ ಬಂದದ್ದು ನನಗೆ ಕಾಣಲಿಲ್ಲ, ಯಾರೋ ಹೇಳಿದರು.

ದಾರಿಯಲ್ಲಿ ಎದುರಿನ ಬೈಕು ಚುಕ್ಕಿಯಷ್ಟು ಕಂಡರೂ ಕಾಕಾ ಡಿಪ್ ಮಾಡುತ್ತಿದ್ದರು. ಎದುರಿನವರು ಯಾರೂ ಮಾಡುತ್ತಿರಲಿಲ್ಲ. "ರಾತ್ರಿ ಪಾಳಿ ಮುಗಿಸಿ ಸೈಕಲ್ ಮ್ಯಾಲ ಬರತಿದ್ನಿ" ಎಂದರು ಒಮ್ಮೆ, ಯಾರೂ ಕೇಳದೆಯೇ. "ಗ್ರಾನೈಟ್ ಲಾರಿ ಬಂತಂದ್ರ ಇಳದು ರೋಡ ಬಿಟ್ಟು ನಿಂದರೂದು. ಲಾರಿ ಹ್ವಾದಮ್ಯಾಲೂ ಕಣ್ಣು ಕಾಣತಿರಲಿಲ್ಲ. ಕಾಣೂಮಟ ಅಲ್ಲೇ ನಿಂದರೂದು." ಹಿಂದಿನ ಸೀಟಿನ ಗದ್ದಲ ಒಂದು ಕ್ಷಣ ನಿಂತಿತು. ನಾನು ಬುಟ್ಟಿಯ ಹಿಂದೆ ಸುಮ್ಮನಿದ್ದೆ.

ಆಗ ಕಾಕಾನ ಮೇಲೆ ಹುಟ್ಟಿದ ಮಮಕಾರ ಹುನಗುಂದದ ಹತ್ತಿರದ ಢಾಬಾದಲ್ಲಿ ಕರಗಿತು. ವಾಪಸು ಬರುವಾಗ ಅಲ್ಲಿ ಒಬ್ಬ ಲಾರಿ ಡ್ರೈವರನನ್ನು ಹಿಡಿದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯದನ್ನು ಒಪ್ಪಿಸಿದರು: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಬಾರದು. "ಎಂಟ ಮೀಟರ್ ಅಂದ್ರ 26 ಫೂಟ. ನಾ 25ಕ್ಕ ಹಿಡದೀನಿ. ಸರಕಾರ ನನ್ನ ಹಂತ್ಯಾಕ ಬಂದೈತಿ." ಡ್ರೈವರ್ ಜಗಳವಾಡಿದ್ದರೆ ನಾವು ಊಟ ಮಾಡಿ ಮನೆ ಸೇರುತ್ತಿದ್ದೆವು. ಅವನು ಶ್ರದ್ಧೆಯಿಂದ ಕೇಳಿ, "ನಂದೂ ನೋಡ್ರಿ ಕಾಕಾ" ಅಂದುಬಿಟ್ಟ. ಢಾಬಾದ ಗೋಡೆ ಇತ್ತು, ಕಾಕಿಯ ಸೀರೆ ಇತ್ತು, ನಾನಿದ್ದೆ.

ಈಚೆಗೆ ಮಗ ಎಲ್‌ಇಡಿ ದೀಪದ ಹೊಸ ಕಾರು ತೆಗೆದುಕೊಂಡ. ಇನ್ನು ಕಾಕಾನ ಕಾಲ ಮುಗಿಯಿತು ಎಂದು ನಾವೆಲ್ಲ ಸ್ವಲ್ಪ ಮರುಗಿದೆವು, ನಾನು ಸ್ವಲ್ಪ ಹೆಚ್ಚೇ ಹಗುರಾದೆ. ಆದರೆ ಅವರು ಮೊದಲ ರಾತ್ರಿಯೇ ಟಾರ್ಚು ಹಿಡಿದು ಬಾನೆಟ್ ಒಳಗೆ ಹೊಕ್ಕವರು ಮಗುವಿನಂತೆ ಕೂಗಿದರು: "ತಮ್ಮಾ, ಇದರಾಗೂ ಸ್ಕ್ರೂ ಐತಿ!"

ಈ ದೀಪಾವಳಿಗೆ ಮಗ ಬಸ್ಸಿನಲ್ಲಿ ಬಂದಿದ್ದಾನೆ. ಕಾರು ಪುಣೆಯಲ್ಲೇ ಸರ್ವಿಸಿಗೆ ಬಿಟ್ಟಿದೆ ಎಂದು ಅಪ್ಪನಿಗೆ ಹೇಳಿದ್ದಾನೆ. ಅದು ಹುನಗುಂದದ ಬೀಗರ ಮನೆಯ ಹಿತ್ತಲಿನಲ್ಲಿ, ತಾಡಪಾಲಿನ ಕೆಳಗಿದೆ ಎಂದು ಸೊಸೆ ನನಗೊಬ್ಬನಿಗೇ ಹೇಳಿದ್ದಾಳೆ. ಡ್ರೈಯರ್ ಕೂಡ ಅದರೊಳಗೇ ಇದೆಯಂತೆ.